ಬಾಲ ಅಲ್ಲಾಡಿಸುವ ಕೆಂಪು ಕಾರು

"ನೋಡ್ರಲೇ, ಇದು ಅಕ್ಷೋಭ್ಯ ಸರ್ ಕಾರು."

ಸಮ್ರಾಟ್ ಸ್ಟೇರಿಂಗ್ ಹಿಡಿದವನಂತೆ ಕೈ ಮುಂದೆ ಚಾಚಿ ಮೈದಾನದ ತುಂಬ ಓಡಿದ. ಓಡುತ್ತಾ ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಣಿಸಿದ. "ಕಾವೇರಿ ಅವರವ್ವ ಟೈರ್ ಹಾಕಿದ್ ಮ್ಯಾಲೆ ಹಿಂಗ ಹೊಂಟೈತಿ."

ಐದನೇ ಕ್ಲಾಸಿನವರೆಲ್ಲ ನಕ್ಕರು. ಕಾವೇರಿಯ ಕಿವಿ ಎರಡೂ ಬಿಸಿಯಾದವು.

"ಯಾರ್ ಹೇಳಿದ್ರು ನಿನಗ?"

"ಸರ್ ಹೆಡ್‌ಮಾಸ್ತರ್ ಮುಂದ ಹೇಳಾಕತ್ತಿದ್ರು. ಬಳ್ಳಾರ್ಯಾಗ ದೊಡ್ಡ ಅಂಗಡಿಯವರು ಮಷಿನ್ನಿಗೆ ಹಚ್ಚಿ ನೋಡ್ಯಾರ. ಕಾರಿನ್ಯಾಗ ಏನೂ ಇಲ್ಲಂತ. ಕುರುಗೋಡಿನ ಪಂಕ್ಚರ್ ಅಂಗಡ್ಯಾಗ ಟೈರ್ ಹಾಕಿಸಿದ್ರ ಹಿಂಗ ಆಗ್ತತಿ ಅಂದ್ರಂತ."

"ಸುಳ್ಳು."

"ಸುಳ್ಳಾಗಿದ್ರ ಸರ್ ಇವತ್ತು ಸಂಜಿಗಿ ನಿಮ್ಮ ಅಂಗಡಿಗೆ ಯಾಕ ಬರಾಕತ್ಯಾರ?"

ನಾಲ್ಕನೇ ಪೀರಿಯಡ್ ಗಣಿತ. ಬೋರ್ಡಿನ ಮುಂದೆ ನಿಂತ ಅಕ್ಷೋಭ್ಯ ಸರ್ ಕಡೆಗೆ ಕಾವೇರಿ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಬಳ್ಳಾರಿಯ ಆ ಅಂಗಡಿಯನ್ನು ಅವಳೂ ನೋಡಿದ್ದಳು. ಗಾಜಿನ ಬಾಗಿಲು, ಎಸಿ, ಕೂರಲು ಸೋಫಾ. ಅಲ್ಲಿಯವರು ಅವ್ವನ ಮುಖವನ್ನೇ ನೋಡಿದವರಲ್ಲ. ಅವ್ವ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಷ್ಟಕ್ಕೇ ತಪ್ಪು ಅವಳದಾಗಬೇಕೆ?

ಊರ ಹೊರಗೆ ಸಿರುಗುಪ್ಪ ರಸ್ತೆಯಲ್ಲಿ ಕಾವೇರಿಯ ಅವ್ವ ಮಂಜಮ್ಮನ ಟೈರ್ ಅಂಗಡಿ. ಸಿರುಗುಪ್ಪದಲ್ಲಿ ಅವಳ ಅಣ್ಣ ಓಬಳೇಶನಿಗೆ ಟ್ರ್ಯಾಕ್ಟರ್ ರಿಪೇರಿಯ ವರ್ಕ್‌ಶಾಪ್ ಇತ್ತು. ಸಣ್ಣವಳಿದ್ದಾಗ ಅಲ್ಲೇ ಸ್ಪ್ಯಾನರ್ ಹಿಡಿದು ಕಲಿತವಳು ಅವಳು. ಟ್ರ್ಯಾಕ್ಟರಿನ ಎದೆಮಟ್ಟದ ಟೈರನ್ನು ಒಬ್ಬಳೇ ಬಿಚ್ಚಿ ಹಾಕುತ್ತಿದ್ದಳು.

ಅವಳ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಟೈರಿಗೆ ಗಾಳಿ ತುಂಬಿದವರು ಅದರ ಮೇಲೆ ಚಾಕ್‌ಪೀಸಿನಿಂದ ಗಾಳಿಯ ಲೆಕ್ಕ ಬರೆದು, ಪಕ್ಕದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. "ನಾಳಿ ಏನಾರ ಆದ್ರ ಯಾರನ್ನ ಕೇಳಬೇಕು ಅಂತ ಗೊತ್ತಾಗಬೇಕು" ಅನ್ನುತ್ತಿದ್ದಳು ಮಂಜಮ್ಮ.

ಸಂಜೆ ಐದಕ್ಕೆ ಕೆಂಪು ಕಾರು ಬಂದು ನಿಂತಿತು. ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳ. ಇಪ್ಪತ್ತು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರು. ಯಾರೋ ಓಡಿಸಿ ಬಿಟ್ಟದ್ದನ್ನು ಸರ್ ಆಸೆಪಟ್ಟು ಕೊಂಡಿದ್ದರು. ಹಿಂದೆಯೇ ಸೈಕಲ್ ತುಳಿಯುತ್ತಾ ಸಮ್ರಾಟ್ ಕೂಡ ಬಂದ, ತಮಾಷೆ ನೋಡಲು.

"ಮಂಜಮ್ಮ, ತಪ್ಪು ತಿಳಿಬ್ಯಾಡ್ರಿ" ಎಂದರು ಸರ್. "ಅರವತ್ತು ದಾಟಿದ್ರ ಹಿಂದಿನ ಭಾಗ ಬಾಲ ಅಲ್ಲಾಡಿಸಿದಂಗ ಆಗ್ತದ. ನಾಡಿದ್ದು ನಮ್ಮ ಅಮ್ಮನ್ನ ಕೆಂಚನಗುಡ್ಡಕ್ಕ ಕರ್ಕೊಂಡು ಹೋಗಬೇಕು. ನನಗ ಹೆದರಿಕಿ ಬಂದುಬಿಟ್ಟದ."

ಮಂಜಮ್ಮ ಸಿಟ್ಟಾಗಲಿಲ್ಲ. ಡಾಕ್ಟರ್ ಕೇಳಿದ ಹಾಗೆ ಕೇಳಿದಳು. "ಯಾವಾಗ ಅಲ್ಲಾಡ್ತತ್ರಿ? ಬ್ರೇಕ್ ಹಿಡದಾಗೋ, ತಿರುವಿನ್ಯಾಗೋ, ಆಕ್ಸಿಲರೇಟರ್ ಬಿಟ್ಟಾಗೋ?"

ಸರ್ ಯೋಚಿಸಿದರು. "ಸಣ್ಣಗ ನಡುಗೋದು ಯಾವಾಗ್ಲೂ ಅದ. ಕಾಲು ತೆಗದಾಗ ಮಾತ್ರ ಯಾರೋ ಒಂದ್ ಕಡಿ ತಳ್ಳಿದಂಗ ಆಗ್ತದ."

"ಹಂಗಾರ ಎರಡು ರೋಗ ಇರಬಹುದು" ಎಂದಳು ಮಂಜಮ್ಮ. ಗಾಳಿ ಅಳೆಯುವ ಗೇಜ್ ಹಿಡಿದು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಳು.

ಕಾವೇರಿಗೆ ಆಗ ಕಾಣಿಸಿತು. ಟೈರಿನ ಮೇಲೆ, ಧೂಳಿನ ಅಡಿ, ಮಾಸಿದ ಚಾಕ್‌ಪೀಸಿನ ಗುರುತು: 50, ಪಕ್ಕದಲ್ಲಿ 'ಮ'.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಎಂಟು ದಿನದ ಹಿಂದೆ ಅವ್ವ ಹೊಸ ಟೈರು ಕೂಡಿಸಿ, ಚಕ್ರ ಬಿಗಿದು, ಅವಸರದಲ್ಲಿದ್ದ ಟ್ರ್ಯಾಕ್ಟರಿನವನ ಕಡೆ ಹೋಗಿದ್ದಳು. "ಕಾವೇರಿ, ಸರ್ ಗಾಡಿಗೆ ಗಾಳಿ ಹೊಡಿಯವ್ವ" ಅಂದಿದ್ದಳು. ಸಿರುಗುಪ್ಪದ ರೈಸ್ ಮಿಲ್ಲಿಗೆ ಭತ್ತ ಹೊರುವ ಗೂಡ್ಸ್ ಗಾಡಿಗಳಿಗೆ ಗಾಳಿ ತುಂಬಿ ತುಂಬಿ ಕಾವೇರಿಗೆ ರೂಢಿಯಾಗಿತ್ತು. ಮುಂದೆ ಮೂವತ್ತು, ಹಿಂದೆ ಐವತ್ತು. ಚೀಲದ ಭಾರವೆಲ್ಲ ಹಿಂದೆ ತಾನೆ? ಹಾಗೇ ತುಂಬಿದ್ದಳು. ಆಮೇಲೆ 'ಕಾ' ಎಂದು ಬರೆಯಲು ಹೋಗಿ, ಸರ್ ಕಾರಿಗೆ ಮಗು ಗಾಳಿ ತುಂಬಿತು ಅಂದುಕೊಂಡಾರು ಎಂದು 'ಮ' ಬರೆದಿದ್ದಳು.

ಗೇಜಿನ ಮುಳ್ಳು ಐವತ್ತರ ಹತ್ತಿರ ನಿಂತಿತು. ಸರ್ ಬಗ್ಗಿ ನೋಡಿದರು. "ಐವತ್ತಾ? ಇದಕ್ಕ ಮೂವತ್ತೆರಡು ಸಾಕಲ್ಲ?"

ಮಂಜಮ್ಮ ಆ ಅಕ್ಷರವನ್ನು ನೋಡಿದಳು. ತನ್ನ 'ಮ' ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿಲ್ಲವೆ? ಒಂದು ಸಲ ಮಗಳ ಕಡೆ ನೋಡಿ, ಮತ್ತೆ ಟೈರಿನ ಕಡೆ ತಿರುಗಿದಳು.

"ಹೌದ್ರಿ ಸರ್. ಖಾಲಿ ಗಾಡಿ ಹಿಂದ ಇಷ್ಟು ಗಾಳಿ ಇದ್ರ ಚೆಂಡಿನಂಗ ಪುಟೀತತಿ. ತಪ್ಪು ನಂದ ಐತಿ."

ಸೈಕಲ್ ಮೇಲೆ ಕೂತಿದ್ದ ಸಮ್ರಾಟ್ ಸದ್ದಿಲ್ಲದೆ ಸೊಂಟ ಕುಣಿಸಿದ.

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಕಾವೇರಿ ಎಂಬ ಹೆಸರು ಯಾರ ಬಾಯಿಗೂ ಬರುವುದಿಲ್ಲ. ನಾಳೆ ಊರಿಡೀ ಮಂಜಮ್ಮನಿಗೆ ಗಾಳಿ ತುಂಬಲೂ ಬರುವುದಿಲ್ಲ ಅನ್ನುತ್ತದೆ, ಅಷ್ಟೇ.

"ಅವ್ವ ಅಲ್ಲ್ರಿ ಸರ್" ಎಂದಳು ಕಾವೇರಿ. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಇನ್ನೊಮ್ಮೆ ಜೋರಾಗಿ ಹೇಳಿದಳು. "ಅವ್ವ ಅಲ್ಲ. ಗಾಳಿ ಹೊಡದಾಕಿ ನಾನು. ಭತ್ತದ ಗಾಡಿಗೆ ಹೊಡದಂಗ ಹೊಡದೆ. ಅಕ್ಷರಾನೂ ನಾನ ಬರದೀನಿ."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಸಮ್ರಾಟ್ ಕುಣಿಯುವುದನ್ನು ಬಿಟ್ಟ.

ಮಂಜಮ್ಮ ಬೈಯಲಿಲ್ಲ, ತಲೆ ಸವರಲೂ ಇಲ್ಲ. "ಮೂವತ್ತೆರಡಕ್ಕ ಇಳಿಸು. ಎರಡೂ ಕಡಿ" ಎಂದು ಗೇಜನ್ನು ಮಗಳ ಕೈಗಿಟ್ಟಳು.

ಕಾವೇರಿ ಗಾಳಿ ಇಳಿಸಿದ ಮೇಲೆ ಸರ್ ನಿಟ್ಟುಸಿರು ಬಿಟ್ಟರು. "ಸರಿ ಹೋತಲ್ಲ. ಇನ್ನು ನಾ ಹೊರಡ್ತೀನಿ."

"ನಿಂದರ್ರಿ. ನಡುಗೋದಕ್ಕ ಗಾಳಿ ಕಾರಣ. ಕಾಲು ತೆಗದಾಗ ತಳ್ಳತತಿ ಅಂದ್ರಲ್ಲ, ಅದು ಗಾಳೀದಲ್ಲ" ಎಂದಳು ಮಂಜಮ್ಮ.

ಸಮ್ರಾಟ್‌ನನ್ನು ಅಂಗಡಿಯಲ್ಲೇ ಬಿಟ್ಟು ಸರ್, ಮಂಜಮ್ಮ, ಕಾವೇರಿ ಮೂವರೂ ಕಾರು ಹತ್ತಿದರು. ಹಿಂದಿನ ಸಣ್ಣ ಸೀಟಿನಲ್ಲಿ ಕಾವೇರಿ ಮುದುಡಿ ಕೂತಳು. ಖಾಲಿ ರಸ್ತೆಯಲ್ಲಿ ಕಾರು ಅರವತ್ತು ಮುಟ್ಟಿತು. ನಡುಕ ಇರಲಿಲ್ಲ. ಸರ್ ಕಾಲು ತೆಗೆದರು. ಕಾವೇರಿಯ ಕೆಳಗೆ ಸೀಟು ಮೆಲ್ಲನೆ ಪಕ್ಕಕ್ಕೆ ಸರಿದ ಹಾಗಾಯಿತು.

"ಎಡಕ್ಕ, ಅವ್ವ" ಎಂದಳು.

"ನನಗೂ ಹಂಗ ಅನಿಸ್ತು."

ಅಂಗಡಿಗೆ ಮರಳಿ ಬಂದು ಮಂಜಮ್ಮ ಮುಂದಿನ ಚಕ್ರಗಳ ಹಿಂದೆ ಮುಂದೆ ದಪ್ಪ ಕಲ್ಲು ಕೊಟ್ಟಳು. ಹಿಂದಿನ ಎರಡೂ ಚಕ್ರಗಳ ಅಂಚಿಗೆ ಸರಿಯಾಗಿ ಬಾಡಿಯ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದಳು. "ಸರ್, ಗೇರ್ ಹಾಕಿ ಕ್ಲಚ್ ತುಸುವ ಬಿಡ್ರಿ, ಮತ್ತ ಹಿಡೀರಿ. ಆಮ್ಯಾಲೆ ರಿವರ್ಸ್ ಹಾಕಿ ಹಂಗ ಮಾಡ್ರಿ. ನಾನು ಬಲಕ್ಕ ನೋಡ್ತೀನಿ. ಕಾವೇರಿ, ನೀನು ಎಡಕ್ಕ. ದೂರ ನಿಂತು ನೋಡು."

ಇಂಜಿನ್ ಗುರ್ರೆಂದಿತು. ಕಾರು ಕಲ್ಲಿಗೆ ಒತ್ತಿ ನಿಂತಿತು. ಕಾವೇರಿ ಕಣ್ಣು ಮಿಟುಕಿಸದೆ ನೋಡಿದಳು. ಚಕ್ರ ಗೆರೆ ದಾಟಿ ಮುಂದೆ ಬಂತು. ರಿವರ್ಸ್ ಹಾಕಿದಾಗ ಗೆರೆಯಿಂದ ಹಿಂದೆ ಹೋಯಿತು.

"ಅರ್ಧ ಬೆರಳು ಓಡಾಡ್ತತಿ ಅವ್ವ. ಉರುಳಲಿಲ್ಲ, ಇದ್ದಲ್ಲೇ ಜರಗ್ತು."

"ನನ್ನ ಕಡಿ ಅಲ್ಲಾಡಲೇ ಇಲ್ಲ" ಎಂದಳು ಮಂಜಮ್ಮ. ಅವಳ ಮುಖದಲ್ಲಿ ಮೊದಲ ಸಲ ನಗು ಮೂಡಿತು.

ಜ್ಯಾಕ್ ಕೊಟ್ಟು, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಇಟ್ಟು, ಅವಳು ಕಾರಿನಡಿ ಸರಿದಳು. ಎಡ ಚಕ್ರ ಹಿಡಿದ ಕಬ್ಬಿಣದ ತೋಳು ಬಾಡಿಗೆ ಸೇರುವ ಕಡೆ ಮೆತ್ತೆಯಂಥ ಒಂದು ರಬ್ಬರ್ ಬುಷ್ ಇತ್ತು. ಇಪ್ಪತ್ತು ವರ್ಷದ ರಬ್ಬರು. ಸುತ್ತಲೂ ಹರಿದು, ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ಬಾಯಿ ಬಿಟ್ಟಿತ್ತು.

"ಮತ್ತ ಆ ಮಷಿನ್ನಿಗೆ ಇದ್ಯಾಕ ಸಿಗಲಿಲ್ಲ?" ಎಂದರು ಸರ್.

"ಅದು ನಿಂತ ಕಾರು ನೋಡ್ತತ್ರಿ. ನಿಂತಾಗ ಎಲ್ಲಾರೂ ನೆಟ್ಟಗ ಇರ್ತಾರ. ನಿಮ್ಮ ಕ್ಲಾಸಿನ್ಯಾಗ ಹುಡುಗ್ರು ನೀವು ಇರೋತನ ಹೆಂಗಿರ್ತಾರ, ಹಂಗ." ಸೀರೆಯ ಮೇಲೆ ಹಾಕಿಕೊಂಡಿದ್ದ ಶರ್ಟಿಗೆ ಕೈ ಒರೆಸಿಕೊಂಡಳು. "ಹೊಸ ಬುಷ್ ಹಾಕೋತನ ನಿಮ್ಮವ್ವಾರನ್ನ ಇದ್ರಾಗ ಕುಂದರಿಸಬ್ಯಾಡ್ರಿ. ಕಾರು ಇಲ್ಲೇ ಇರಲಿ."

ಸರ್ ಬಸ್ಸಿಗೆ ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. "ಮಂಜಮ್ಮ, ಹೆಡ್‌ಮಾಸ್ತರ್ ಮುಂದ ನಾನು ಹಗುರಾಗಿ ಮಾತಾಡಿಬಿಟ್ಟೆ. ನಾಳೆ ಅವರ ಮುಂದನ ನಡೆದದ್ದು ಹೇಳ್ತೀನಿ."

ಮಂಜಮ್ಮ "ಆಗಲಿ ಬಿಡ್ರಿ" ಅನ್ನಲಿಲ್ಲ. "ಹೇಳ್ರಿ" ಎಂದಳು.

ಬುಷ್ ಸಿಗಲು ಐದು ದಿನ ಹಿಡಿಯಿತು. ಸರ್ ತಮ್ಮ ಅಮ್ಮನ ಪ್ರಯಾಣವನ್ನು ಮುಂದಿನ ವಾರಕ್ಕೆ ಹಾಕಿದರು. ಆ ತೋಳನ್ನು ಬಿಚ್ಚಿ ಸಿರುಗುಪ್ಪಕ್ಕೆ ಒಯ್ದಾಗ ಓಬಳೇಶ ಮಾಮ ತನ್ನ ಒತ್ತುವ ಪ್ರೆಸ್ಸಿನಲ್ಲಿಟ್ಟು ಹಳೆಯ ಬುಷ್ ತೆಗೆದು ಹೊಸದನ್ನು ಕೂಡಿಸಿಕೊಟ್ಟ. "ಎಡಗಡಿ ಚಕ್ರದಾಗ ತಪ್ಪೈತಿ ಅಂತ ಕಂಡು ಹಿಡಿದಾಕಿ ಯಾರು?" ಎಂದು ಕೇಳಿದ. ಅವ್ವ ಗದ್ದದಿಂದಲೇ ಕಾವೇರಿಯನ್ನು ತೋರಿಸಿದಳು.

ಶನಿವಾರ ಮಧ್ಯಾಹ್ನ ಸರ್ ಬಂದು ಓಡಿಸಿ ನೋಡಿದರು. ಅರವತ್ತು, ಎಪ್ಪತ್ತು. ಕಾಲು ತೆಗೆದರು. ದಾರದ ಮೇಲೆ ಮಣಿ ಸರಿದ ಹಾಗೆ ಕಾರು ನೇರ ಹೋಯಿತು. ಸರ್ ಮತ್ತೊಮ್ಮೆ ಕಾಲು ತೆಗೆದು ನೋಡಿದರು.

ಅಂಗಡಿಗೆ ಬಂದ ಮೇಲೆ ಮಂಜಮ್ಮ ಗೇಜು, ಚಾಕ್‌ಪೀಸು ಎರಡನ್ನೂ ಮಗಳ ಮುಂದೆ ಚಾಚಿದಳು. ಕಾವೇರಿ ನಾಲ್ಕೂ ಟೈರು ನೋಡಿದಳು. ಮುಂದಿನ ಎರಡಕ್ಕೂ ತುಸು ಗಾಳಿ ಕೂಡಿಸಿ ಮತ್ತೆ ನೋಡಿದಳು. 32 ಎಂದು ಬರೆದಳು. ಚಾಕ್‌ಪೀಸು ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ದೊಡ್ಡದಾಗಿ 'ಕಾ' ಎಂದು ಬರೆದಳು. ನಾಲ್ಕು ಟೈರಿಗೂ ಬರೆದಳು.

ಸೋಮವಾರ ಸಂಜೆ ಸಮ್ರಾಟ್ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದ. ಅವ್ವನನ್ನು ಕರೆಯದೆ ಕಾವೇರಿಯ ಎದುರೇ ನಿಂತ.

"ಗಾಳಿ ಹೊಡಿ ಕಾವೇರಿ. ಸರ್ ಕಾರಿಗೆ ಬರದಂಗ ನನಗೂ ಬರಿಬೇಕು."

ಕಾವೇರಿ ಪಂಪಿಗೆ ಕೈ ಹಾಕಲಿಲ್ಲ. ಹಿಂದಿನ ಕ್ಯಾರಿಯರ್ ಕಡೆ ನೋಡಿದಳು.

"ಮೊದಲು ಹೇಳು. ಹಿಂದ ಯಾರ್ ಕುಂದರ್ತಾರ?"