ಒಂದು ಮೊರ ಜವೆಗೋಧಿ

ಬಹಳ ಹಿಂದೆ, ಬಡಗಣ ದಿಕ್ಕಿನ ತುತ್ತತುದಿಯಲ್ಲಿ, ಬೆಳ್ಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಬೆಟ್ಟದ ಗುಹೆಯಲ್ಲಿ ಶೀತಕೇತು ಎಂಬ ಮಾಂತ್ರಿಕನಿದ್ದ. ಮುಪ್ಪಿನಲ್ಲಿ ಅವನಿಗೆ ಚಳಿ ತಡೆಯಲಾಗಲಿಲ್ಲ. ನಾಡಿನ ಬೇಸಿಗೆಯನ್ನೇ ಹಿಡಿದು ತಂದು, ಗುಹೆಯೊಳಗೆ ಕೂಡಿಹಾಕಿ, ಬಾಗಿಲು ಜಡಿದು ಬೆಚ್ಚಗೆ ಕುಳಿತ. ಹೊರಗಿನವರಿಗೆ ಉಳಿದದ್ದು ಚೂರು ಬೇಸಿಗೆ. ತೆನೆಯಲ್ಲಿ ಹಾಲು ತುಂಬುವಷ್ಟರಲ್ಲೇ ಹಿಮ ಸುರಿಯುತ್ತಿತ್ತು.

ಅರಸ ಹೋಗಿ ಬೇಡಿಕೊಂಡ. ಮಾಂತ್ರಿಕ ನಕ್ಕ.

"ನಾನು ಬಿಟ್ಟ ಬೇಸಿಗೆಯಲ್ಲೇ ಮಾಗಿದ ಜವೆಗೋಧಿಯನ್ನು ಒಂದು ಮೊರ ತುಂಬ ತಂದಿಡಿ. ಬಾಗಿಲು ತಾನಾಗಿ ತೆರೆಯುತ್ತದೆ."

ಮಾಂತ್ರಿಕರು ಆಡಿದ ಮಾತು ಅವರನ್ನೂ ಕಟ್ಟುತ್ತದೆ.

ಅರಮನೆಯ ತೋಟಗಾರ ಬೊಮ್ಮಣ್ಣನ ಮಗಳು ಚೆನ್ನಾಜಿ ಇದನ್ನು ಕೇಳಿದಳು. ಹೊರಗೆ ಹಿಮವಿರುವಾಗಲೇ ಒಲೆಯ ಪಕ್ಕದಲ್ಲಿ ಕುಡಿಕೆಗಳನ್ನಿಟ್ಟು ಸಸಿ ಎಬ್ಬಿಸಿದಳು. ನೆಲ ಕರಗಿದ ಕೂಡಲೇ ನೆಟ್ಟಳು. ಪೈರು ನಳನಳಿಸಿತು. ಆಗ ಶೀತಕೇತು ಬಿಳಿ ತೋಳವನ್ನು ಕಳಿಸಿದ. ಅದು ಉಸಿರುಬಿಟ್ಟ ಕಡೆಯಲ್ಲೆಲ್ಲ ಪೈರು ಕಪ್ಪಾಯಿತು. ಕರಿಬಂಡೆಯೊಂದರ ಮಗ್ಗುಲಲ್ಲಿದ್ದ ಕೆಲವು ಮಾತ್ರ ಹಸಿರಾಗಿ ನಿಂತಿದ್ದವು. ಚೆನ್ನಾಜಿ ಬಂಡೆ ಮುಟ್ಟಿದಳು. ಹಗಲಿನ ಬಿಸಿಲು ಅದರೊಳಗೆ ಇನ್ನೂ ಬೆಚ್ಚಗಿತ್ತು. ಆ ವರ್ಷ ಸಿಕ್ಕಿದ್ದು ಒಂದು ಹಿಡಿ ಕಾಳು.

ಮರುವರ್ಷ ಅವಳು ಕರಿಗಲ್ಲುಗಳ ಗಿಡ್ಡ ಗೋಡೆ ಕಟ್ಟಿ ಆ ಹಿಡಿಕಾಳನ್ನು ಬಿತ್ತಿದಳು. ತೋಳ ಬಂದು ಉಸಿರುಬಿಟ್ಟು ಸೋತಿತು. ಆಗ ಶೀತಕೇತು ಬಿರುಗಾಳಿಯ ಹದ್ದನ್ನು ಕಳಿಸಿದ. ಅದರ ರೆಕ್ಕೆಯ ಬೀಸಿಗೆ ಎತ್ತರದ ಪೈರೆಲ್ಲ ಮುರಿಯಿತು, ಗಿಡ್ಡನೆಯದು ಉಳಿಯಿತು. ಸಿಕ್ಕಿದ್ದು ಒಂದು ಸೇರು. ಅದನ್ನು ಮುಂದಿನ ಬಿತ್ತನೆಗೆಂದು ಗಡಿಗೆಯಲ್ಲಿ ತುಂಬಿಟ್ಟಳು.

ಆ ಚಳಿಗಾಲ ಮನೆಯಲ್ಲಿ ಹಿಟ್ಟು ಮುಗಿಯಿತು. ಬೊಮ್ಮಣ್ಣ ಹಾಸಿಗೆ ಹಿಡಿದ.

"ಮಗಳೇ, ಆ ಗಡಿಗೆಯಿಂದ ಒಂದು ಹಿಡಿ ತೆಗೆದು ಗಂಜಿ ಕಾಯಿಸವ್ವ."

ಚೆನ್ನಾಜಿ ಗಡಿಗೆಯನ್ನು ಅವಚಿಕೊಂಡಳು. "ಅಪ್ಪಾ, ತೋಳವನ್ನೂ ಹದ್ದನ್ನೂ ಗೆದ್ದ ಕಾಳು ಇದು. ಉಂಡುಬಿಟ್ಟರೆ ಇಂಥದ್ದನ್ನು ಮತ್ತೆಲ್ಲಿಂದ ತರಲಿ?"

ಬೊಮ್ಮಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. "ಹಾಗಾದರೆ ಗಡಿಗೆಯನ್ನು ನನ್ನ ಕಣ್ಣಿಗೆ ಬೀಳದ ಕಡೆ ಇಡು" ಎಂದ.

ಕಾಡಿನ ಗೆಡ್ಡೆ ಬೇಯಿಸಿಕೊಂಡು ಅವರಿಬ್ಬರೂ ಜೀವ ಹಿಡಿದುಕೊಂಡರು.

ಮೂರನೆಯ ವರ್ಷ ಗಿಡ್ಡ ಪೈರು ಬೇಗ ತೆನೆಬಿಟ್ಟು ಹೊನ್ನಿನ ಬಣ್ಣಕ್ಕೆ ತಿರುಗಿತು. ಶೀತಕೇತು ತಾನೇ ಬೆಟ್ಟದ ತುದಿಗೆ ಬಂದು, ಮೋಡವನ್ನು ಕಂಬಳಿಯಂತೆ ಕೊಡವಿದ. ದಪ್ಪ ಹಿಮ ಬೀಳತೊಡಗಿತು.

"ಬನ್ರಪ್ಪೋ! ಮನೆಯಲ್ಲಿರೋ ಹೊದಿಕೆ ಎಲ್ಲ ತನ್ನಿ!" ಎಂದು ಚೆನ್ನಾಜಿ ಕೂಗಿದಳು.

ಊರಿಗೆ ಊರೇ ಓಡಿಬಂತು. ಚಾಪೆ, ಕಂಬಳಿ, ಗೋಣಿ. ರಾಣಿಯೂ ತನ್ನ ಶಾಲು ಬಿಚ್ಚಿ ಹೊದಿಸಿದಳು. ಮುಂಜಾನೆ ಹಿಮ ಕೊಡವಿ ಹೊದಿಕೆ ಎತ್ತಿದರು. ತೆನೆಗಳು ನೆಟ್ಟಗೆ ನಿಂತಿದ್ದವು. ಉಳಿದ ಎಳೆಬಿಸಿಲಿಗೆ ಮಾಗಿದವು. ಕೊಯ್ದು, ಬಡಿದು, ತೂರಿದರು. ಮೊರ ತುಂಬಿತು.

ಚೆನ್ನಾಜಿ ಅದನ್ನು ಗುಹೆಯ ಮುಂದಿಟ್ಟಳು. ಬಾಗಿಲು ತೆರೆಯಿತು. ಬೇಸಿಗೆ ಜೇನಿನ ವಾಸನೆ ಬೀರುತ್ತಾ ಅವಳ ಕೆನ್ನೆ ಸವರಿ ಹೊರಗೆ ನುಗ್ಗಿತು. ಒಳಗಿನ ಮಾಯೆಯೆಲ್ಲ ಅದರೊಂದಿಗೇ ಹೋಯಿತು. ಮೂಲೆಯಲ್ಲಿ ಒಬ್ಬ ಮುದುಕ ಗಡಗಡ ನಡುಗುತ್ತಿದ್ದ.

ಚೆನ್ನಾಜಿಗೆ ಸಿಟ್ಟು ಬಂತು. ಅವನ ನೀಲಿಗಟ್ಟಿದ ಬೆರಳು ಕಂಡು ಸಿಟ್ಟು ಇಳಿಯಿತು.

"ಚಳಿಯಾದರೆ ನಮ್ಮ ಒಲೆ ಮುಂದೆ ಬಂದು ಕೂರಬಹುದಿತ್ತಲ್ಲ, ತಾತ?"

"ಯಾರೂ ಕರೆಯಲಿಲ್ಲ" ಎಂದ ಶೀತಕೇತು.

"ಈಗ ಕರೀತಿದ್ದೀನಿ, ಏಳು."

ಅಂದು ಬೊಮ್ಮಣ್ಣನ ಮನೆಯಲ್ಲಿ ಹೊಸಕಾಳಿನ ಗಂಜಿ ಕುದಿಯಿತು. ಬೊಮ್ಮಣ್ಣ ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣುಮುಚ್ಚಿ ಕುಡಿದ. ಆಮೇಲೆ ಒಲೆಯ ಆಚೆ ಮುದುಡಿ ಕುಳಿತವನ ಕಡೆ ನೋಡಿ, ಗೊಣಗುತ್ತಲೇ ಸ್ವಲ್ಪ ಸರಿದು ಜಾಗ ಬಿಟ್ಟ.

ಅಲ್ಲಿಯವರು ಉಂಡು ತಣಿದರು, ಇಲ್ಲಿ ನಾವು ಕೇಳಿ ತಣಿದೆವು.