ಏಳುನೂರ ಹನ್ನೆರಡು ಕೆ.ಜಿ.

ಸೋಮವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹಲ್ಲಿನ ಡಾಕ್ಟರು ಠಾಣೆಗೆ ಓಡಿ ಬಂದರು. ಅವರ ಬಿಳಿ ಕೋಟಿನ ಜೇಬಿನಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ ಇನ್ನೂ ಇತ್ತು. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಯನ್ನು ಬಾಯಿ ತೆರೆಸಿ ಕೂರಿಸಿಯೇ ಬಂದಿದ್ದಾರೆಂಬುದು ಆಮೇಲೆ ತಿಳಿಯಿತು.

"ನನ್ನ ಕಾರು ಕಳವಾಗಿದೆ," ಎಂದರು.

ದಫೇದಾರರು ಪೆನ್ನು ತೆಗೆದರು. "ಯಾವ ಕಾರು?"

"ರೇಸ್ ಕಾರು. ಕೆಂಪು. ಒಟ್ಟು ಒಂಬತ್ತೇ ಮಾಡಿದ್ದು. ಈಗ ಉಳಿದಿರೋದು ಎರಡು."

"ಬೆಲೆ?"

"ಬೆಲೆ ಕಟ್ಟೋಕಾಗಲ್ಲ."

"ಫಾರಂನಲ್ಲಿ ಕಾಲಂ ಇದೆ ಸಾರ್."

ಡಾಕ್ಟರು ಹೇಳಿದ ಅಂಕಿಯನ್ನು ಬರೆಯುವಾಗ ದಫೇದಾರರು ಸೊನ್ನೆಗಳನ್ನು ಎರಡು ಸಲ ಎಣಿಸಿದರು.

ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ಎಳೆದುಕೊಂಡು ಪೂರ್ತಿ ಕೇಳಿದರು. ನಲವತ್ತು ವರ್ಷಗಳ ಹಿಂದೆ ಇದೇ ಊರಿನ ಒಂದು ಸಣ್ಣ ಕಾರ್ಖಾನೆ ಟ್ರ್ಯಾಕ್‌ನಲ್ಲಿ ಓಡಿಸಲೆಂದೇ ಒಂಬತ್ತು ಕಾರುಗಳನ್ನು ಕೈಯಲ್ಲಿ ಕಟ್ಟಿತ್ತು. ಭಾರ ಇಳಿಸುವುದೇ ಅವರಿಗೆ ಹಿಡಿದ ಹುಚ್ಚು. ಮೈಗೆ ತೆಳು ಅಲ್ಯೂಮಿನಿಯಂ ತಗಡು, ಬಾಗಿಲಿಗೆ ಹಿಡಿಯ ಬದಲು ಒಂದು ಪಟ್ಟಿ, ಕ್ಲಚ್ ಪೆಡಲಿಗೂ ತೂತು. ಸ್ಟೀರಿಂಗ್ ಪಕ್ಕದ ಬೆರಳಗಲದ ಫಲಕದಲ್ಲಿ ಕಾರಿನ ತೂಕವನ್ನು ಕೈಯಿಂದಲೇ ಒತ್ತಿದ್ದರು: 712. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಳೇ ರೇಸ್ ಟ್ರ್ಯಾಕಿನಲ್ಲಿ ಪಾರಂಪರಿಕ ವಾಹನಗಳ ಸಂಘದವರು ಈ ಕಾರನ್ನು ಪರೀಕ್ಷಿಸಿ ತಮ್ಮ ದಾಖಲೆಯಲ್ಲಿ ಸೇರಿಸಬೇಕಿತ್ತು.

"ಭಾನುವಾರ ತಪ್ಪಿದ್ರೆ ಸೇರಿಸಲ್ಲ ಮೇಡಂ. ಎರಡಿದ್ದದ್ದು ಒಂದೇ ಅಂತಾಗುತ್ತೆ," ಎಂದು ಡಾಕ್ಟರು ಕಣ್ಣೊರೆಸಿಕೊಂಡರು.

ಅಪರಾಧ ಸಂಖ್ಯೆ 87ರಂತೆ ಎಫ್‌ಐಆರ್ ದಾಖಲಾಯಿತು. ನಾಲ್ಕೂವರೆಗೆ ಡಾಕ್ಟರ ಗ್ಯಾರೇಜಿನಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ, ಏಕೆಂದರೆ ಹಗಲಲ್ಲಿ ಬೀಗ ಹಾಕುವ ಅಭ್ಯಾಸವೇ ಇರಲಿಲ್ಲ. ಕಾರಿನ ಹೊದಿಕೆಯನ್ನು ಕಳ್ಳ ನಾಲ್ಕು ಮಡಿಕೆ ಮಾಡಿ ಮೂಲೆಯಲ್ಲಿ ಇಟ್ಟಿದ್ದ. ಕಾರಿನ ಕೀಲಿ ಗೋಡೆಯ ಗೂಟದಲ್ಲಿ ಹಾಗೇ ನೇತಾಡುತ್ತಿತ್ತು.

"ಸ್ಟಾರ್ಟ್ ಮಾಡಿದ್ರೆ ಬೀದಿಯ ಕಿಟಕಿ ಗಾಜೆಲ್ಲ ಅದುರುತ್ತೆ," ಎಂದರು ಡಾಕ್ಟರು. "ಇವತ್ತು ಯಾರಿಗೂ ಕೇಳಿಸಿಲ್ಲ."

"ಲಾರಿಗೆ ಹೇರ್ಕೊಂಡು ಹೋಗಿದಾರೆ," ಎಂದು ದಫೇದಾರರು ತೀರ್ಮಾನ ಕೊಟ್ಟರು.

ಡಾಕ್ಟರ ಹೆಂಡತಿಯನ್ನು ವಿಚಾರಿಸಲಾಯಿತು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅನುಮಾನ ಇಲ್ಲ. ಕೃತಜ್ಞತೆ ಇದೆ."

"ಅಂದ್ರೆ?"

"ಅದರಲ್ಲಿ ಒಂದು ಸಲ ಕೂತು ಬಂದ್ರೆ ಸೊಂಟ ಮೂರು ದಿನ ಹಿಡ್ಕೊಳ್ತಿತ್ತು. ನಾನು ಗೋಳಾಡಿದ ಮೇಲೆ ಎಸಿ, ಕಾರ್ಪೆಟ್ಟು, ಮೆತ್ತೆ, ಸ್ಪೀಕರ್ ಎಲ್ಲ ಹಾಕಿಸಿದ್ರು. ಆಮೇಲೂ ನಾನು ಹತ್ತಲಿಲ್ಲ."

ಊರಿನ ಎಲ್ಲ ಠಾಣೆ, ಚೆಕ್‌ಪೋಸ್ಟುಗಳಿಗೆ ವೈರ್‌ಲೆಸ್‌ನಲ್ಲಿ ಸಂದೇಶ ಹೋಯಿತು: ಭಾರೀ ಸದ್ದು ಮಾಡುವ ಕೆಂಪು ಕಾರು, ಲಾರಿಯಲ್ಲಿ ಸಾಗಿಸಿರುವ ಶಂಕೆ. ಸಿಬ್ಬಂದಿ ಕಣ್ಣಲ್ಲಿ ಕಣ್ಣಿಟ್ಟು ಕಾದು ಹನ್ನೊಂದು ಲಾರಿ ತಪಾಸಣೆ ಮಾಡಿದರು. ಸಿಕ್ಕಿದ್ದು ಕುರ್ಚಿ, ಈರುಳ್ಳಿ ಮತ್ತು ಬೈಗುಳ.

ಮಂಗಳವಾರ ಮಧ್ಯಾಹ್ನ ಎರಡಕ್ಕೆ ಡಾಕ್ಟರ ಗೇಟಿನ ಮುಂದೆ ಒಂದು ಗಂಟು ಕಾಣಿಸಿತು. ಬಿಚ್ಚಿದರೆ ಕಾರಿನ ಕಾರ್ಪೆಟ್ಟು, ಗುಡಿಸಿ ಸುತ್ತಿಟ್ಟದ್ದು. ಮೇಲೆ ಕಟ್ಟಿದ ಚೀಟಿಯಲ್ಲಿ ನೀಲಿ ಪೆನ್ಸಿಲಿನ ಬರಹ: 21 ಕೆ.ಜಿ. 470 ಗ್ರಾಂ. ಬುಧವಾರ ಅದೇ ಹೊತ್ತಿಗೆ ಸ್ಪೀಕರುಗಳೂ ಸೀಟಿನ ಮೆತ್ತೆಗಳೂ ಬಂದವು. ಸ್ಕ್ರೂಗಳನ್ನು ಬೇರೆ ಪೊಟ್ಟಣ ಕಟ್ಟಿ, ಅದಕ್ಕೂ ತೂಕ ಬರೆದಿತ್ತು: 175 ಗ್ರಾಂ. ಗೇಟಿನ ಮುಂದಿನ ಮಣ್ಣಿನಲ್ಲಿ ತಳ್ಳುಗಾಡಿಯ ಗುರುತು, ಡಾಂಬರು ಬಂದಲ್ಲಿ ಮಾಯ.

"ಕಳ್ಳ ಕಾರನ್ನ ಬಿಡಿಬಿಡಿಯಾಗಿ ವಾಪಸ್ ಕೊಡ್ತಿದಾನೆ ಮೇಡಂ," ಎಂದು ದಫೇದಾರರು ತಲೆ ಕೆರೆದುಕೊಂಡರು. "ಕಾದರೆ ಇಂಜಿನ್ನೂ ಬರುತ್ತೆ."

"ಕಾರಿಂದು ಒಂದು ಮೊಳೆಯೂ ಬಂದಿಲ್ಲ. ಡಾಕ್ಟರು ಸೇರಿಸಿದ್ದು ಮಾತ್ರ ಬರ್ತಿದೆ," ಎಂದರು ಇನ್ಸ್‌ಪೆಕ್ಟರ್.

ಅವರು ಡಾಕ್ಟರಿಂದ ಸಂಘದ ಪತ್ರ ತರಿಸಿಕೊಂಡು ಕೊನೆಯವರೆಗೂ ಓದಿದರು. ಎರಡನೇ ಪುಟದಲ್ಲಿ ಹೀಗಿತ್ತು: ಕಾರನ್ನು ಎಲ್ಲರೆದುರು ತೂಗಲಾಗುವುದು, ಫಲಕದ ಅಂಕಿಗೂ ತೂಕಕ್ಕೂ ಐದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರು ಮೂಲರೂಪ ಕಳೆದುಕೊಂಡಿದೆಯೆಂದು ತೀರ್ಮಾನಿಸಿ ಕೈಬಿಡಲಾಗುವುದು.

"ಇದನ್ನ ಓದಿದ್ರಾ?"

ಡಾಕ್ಟರ ಮುಖ ಸಪ್ಪಗಾಯಿತು. "ಊಟದ ವ್ಯವಸ್ಥೆ ಇದೆ ಅನ್ನೋ ತನಕ ಓದಿದ್ದೆ."

ಎಸಿ ಹಾಕಿಸಲು ಕಾರು ಬಿಚ್ಚಿದಾಗ ತೆಗೆದ ಫೋಟೋಗಳು ಡಾಕ್ಟರ ಆಲ್ಬಮ್ಮಿನಲ್ಲಿದ್ದವು; ಇನ್ಸ್‌ಪೆಕ್ಟರ್ ಅವನ್ನು ಭೂತಗನ್ನಡಿಯಲ್ಲಿ ನೋಡಿದರು. ಕಾರಿನ ಹಳೆಯ ಭಾಗಗಳ ಹಿಂಬದಿಯಲ್ಲೆಲ್ಲ ನೀಲಿ ಪೆನ್ಸಿಲಿನಲ್ಲಿ ಗ್ರಾಂ ಲೆಕ್ಕ ಬರೆದಿತ್ತು. ಏಳರ ಅಂಕಿಯ ಸೊಂಟಕ್ಕೆ ಅಡ್ಡಗೆರೆ. ಚೀಟಿಗಳಲ್ಲಿನ ಏಳರ ಅಂಕಿಗೂ ಅದೇ ಅಡ್ಡಗೆರೆ. ತಕ್ಷಣ ಸಂಘದ ಕಾರ್ಯದರ್ಶಿಗೆ ಫೋನ್ ಹೋಯಿತು.

"ಆ ಕಾರ್ಖಾನೇಲಿ ತೂಕ ಮಾಡ್ತಿದ್ದವರು ಯಾರು?"

"ಗ್ರಾಂ ಅಕ್ಕ. ಆಕೆ ತೂಗಿ ಹೂಂ ಅನ್ನದೆ ಒಂದು ನಟ್ಟೂ ಕಾರಿಗೆ ಹತ್ತುತ್ತಿರಲಿಲ್ಲ."

"ಈಗೆಲ್ಲಿದಾರೆ?"

"ತಕ್ಕಡಿ ರಿಪೇರಿ ಮಾಡ್ತಾರೆ ಅಂತ ಕೇಳಿದ್ದೆ. ಎಲ್ಲೋ ಗೊತ್ತಿಲ್ಲ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಜೀಪನ್ನು ಡಾಕ್ಟರ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿ ಇಂಜಿನ್ ಆರಿಸಿದರು.

"ಕೀಲಿ ಗೂಟದಲ್ಲಿದೆ, ಸದ್ದೂ ಆಗಿಲ್ಲ. ಲಾರಿ ಯಾಕ್ರೀ ಬೇಕು? ತಳ್ಕೊಂಡೇ ಹೋಗಿದಾರೆ."

"ಕಾರನ್ನಾ ಮೇಡಂ?"

"ಎಲ್ಲಾ ಕಾರಲ್ಲ. ಈ ಕಾರನ್ನ. ಇಳಿದು ತಳ್ಳಿ, ಇಳಿಜಾರು ಎಲ್ಲಿಗೆ ಕರ್ಕೊಂಡು ಹೋಗುತ್ತೋ ನೋಡೋಣ."

ದಫೇದಾರರು ದೇಹದ ಭಾರವನ್ನೆಲ್ಲ ಹಾಕಿ ನೂಕಿದರು. ಜೀಪು ಬಟ್ಟೆ ಅಂಗಡಿ ದಾಟಿ, ಅಂಚೆ ಕಚೇರಿ ದಾಟಿ, ಸದ್ದಿಲ್ಲದೆ ಉರುಳುತ್ತ ಕೆಳಗಿನ ಸರ್ಕಲ್ಲಿಗೆ ಬಂತು. ಅಲ್ಲಿದ್ದ ಟ್ರಾಫಿಕ್ ಪೇದೆ ಕೈಯೆತ್ತಿ ಎಲ್ಲ ವಾಹನಗಳನ್ನೂ ನಿಲ್ಲಿಸಿ ಓಡಿ ಬಂದು ಸೆಲ್ಯೂಟ್ ಹೊಡೆದ.

"ಜೀಪೂ ಕೆಟ್ಟೋಯ್ತಾ ಮೇಡಂ? ಸೋಮವಾರ ಒಂದು ಕೆಂಪು ಕಾರು ಹೀಗೇ ಬಂತು. ಪಾಪ, ವಯಸ್ಸಾದ ಹೆಂಗಸು ಒಬ್ರೇ ತಳ್ಕೊಂಡು ಬರ್ತಿದ್ರು. ನಾನೇ ಟ್ರಾಫಿಕ್ ನಿಲ್ಲಿಸಿ ಆ ಓಣಿ ತನಕ ತಳ್ಳಿಕೊಟ್ಟೆ."

ಇನ್ಸ್‌ಪೆಕ್ಟರ್ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. "ವೈರ್‌ಲೆಸ್ ಕೇಳಲಿಲ್ವಾ?"

"ಕೇಳಿದೆ ಮೇಡಂ. ಭಾರೀ ಸದ್ದಿನ ಕಾರು ಅಂದ್ರು. ಇದು ಉಸಿರೇ ಬಿಡ್ತಿರಲಿಲ್ಲ."

ಓಣಿಯ ಮೂರನೇ ಶೆಡ್ಡಿಗೆ 'ತಕ್ಕಡಿ ದುರಸ್ತಿ' ಎಂಬ ಬೋರ್ಡಿತ್ತು. ಒಳಗೆ ಕಾರು ಕೆಂಪಗೆ ಹೊಳೆಯುತ್ತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅರವತ್ತೆಂಟರ ಗ್ರಾಂ ಅಕ್ಕ ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಪಕ್ಕದ ತಕ್ಕಡಿಯ ಮೇಲೆ ಎಸಿ ಯಂತ್ರ ಕೂತಿತ್ತು.

"ಎರಡು ನಿಮಿಷ ಕೂತ್ಕೊಳ್ಳಿ," ಎಂದರು. "ಇದರ ತೂಕ ಬರೆದುಬಿಡ್ತೀನಿ."

ಅವರು ಬರೆದು ಮುಗಿಸುವವರೆಗೆ ಪೊಲೀಸರು ಕಾದರು.

"ಕಾರು ತಂದಿದ್ದು ನೀವೇನಾ?"

"ನಾನೇ."

"ಯಾಕೆ?"

"ಹೊಟ್ಟೆ ಉರೀತು. ಹೋದ ವಾರ ದವಡೆ ಹಲ್ಲು ಕೀಳಿಸೋಕೆ ಹೋಗಿದ್ದೆ. ಬಾಯಿ ತುಂಬ ಹತ್ತಿ. ಡಾಕ್ಟರು ಗೋಡೆ ಮೇಲಿನ ಫೋಟೋ ತೋರಿಸಿ, ಎಸಿ ಹಾಕಿಸಿದೀನಿ, ಕಾರ್ಪೆಟ್ ಹಾಕಿಸಿದೀನಿ, ಭಾನುವಾರ ತೋರಿಸೋಕೆ ತಗೊಂಡು ಹೋಗ್ತೀನಿ ಅಂತ ಹೇಳ್ತಾನೇ ಹೋದ್ರು. ನಾನು ಬೇಡ ಬೇಡ ಅಂತ ಕೈ ಆಡಿಸಿದೆ. ನೋವಾಯ್ತಾ ಅಂತ ಇನ್ನೊಂದು ಇಂಜೆಕ್ಷನ್ ಕೊಟ್ರು."

ದಫೇದಾರರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಹೆಗಲು ಮಾತ್ರ ಕುಲುಕುತ್ತಿತ್ತು.

"ಆಮೇಲೆ ಹೋಗಿ ಹೇಳಬಹುದಿತ್ತಲ್ಲ?"

"ಹೇಳಿದೆ. ನಾನು ಯಾರು ಅಂತಾನೂ ಕೇಳದೆ, ಕಾರು ನನ್ನದು ಅಂದ್ರು. ಅದೂ ನಿಜವೇ." ಅಕ್ಕ ಫಲಕದ ಮೇಲೆ ಹೆಬ್ಬೆರಳು ಆಡಿಸಿದರು. "ಈ ಅಂಕಿ ಒತ್ತಿದ್ದು ನಾನು. ಜೊತೆಗೆ ಕೆಲಸ ಮಾಡಿದವರು ಒಬ್ಬರೂ ಉಳಿದಿಲ್ಲ. ಸಂಘದವರು ತೂಗದೆ ಒಪ್ಪಲ್ಲ. ಭಾನುವಾರ ಎಲ್ಲರ ಮುಂದೆ ತಕ್ಕಡಿ ಎಂಟುನೂರು ದಾಟಿದ್ರೆ, ಆ ಹುಡುಗರು ಸುಳ್ಳು ಬರೆದು ಹೋದ್ರು ಅಂತಾನೇ ಅಲ್ವಾ ಅರ್ಥ? ಶನಿವಾರ ವಾಪಸ್ ತಳ್ಕೊಂಡು ಹೋಗಿ ನಿಲ್ಲಿಸ್ತಿದ್ದೆ. ದಿಬ್ಬ ಇದೆ, ಆದ್ರೆ ಈಗ ಭಾರ ಇಳಿದಿದೆ."

ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಇನ್ಸ್‌ಪೆಕ್ಟರ್ ಅವರನ್ನು ದಸ್ತಗಿರಿ ಮಾಡಿದರು. ಈ ಕೆಲಸದಲ್ಲಿ ಅವರಿಗೆ ಯಾವತ್ತೂ ಇಷ್ಟು ಬೇಸರವಾಗಿರಲಿಲ್ಲ. ಜಪ್ತಿ ಪಂಚನಾಮೆ ಮುಗಿಸಿ ದಫೇದಾರರು ಕಾರಿನ ಚಕ್ರಕ್ಕೆ ಸರಪಳಿ ಬಿಗಿದು ಬೀಗ ಹಾಕುವಾಗ ಆರೋಪಿ ಮೆಲ್ಲಗೆ ಕೇಳಿದರು: "ಅದು ಎಷ್ಟು ಗ್ರಾಂ?"

ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ತಾವೇ ಬರೆದರು: ಲಾಭದ ಆಸೆ ಕಂಡುಬಂದಿಲ್ಲ. ಆರೋಪಿಯು ನಲವತ್ತು ವರ್ಷಗಳ ಹಿಂದೆ ತಾನು ಒತ್ತಿದ ಅಂಕಿ ಸುಳ್ಳಾಗುವುದನ್ನು ಸಹಿಸದೆ ಕೃತ್ಯವೆಸಗಿರುತ್ತಾರೆ.

ಶುಕ್ರವಾರ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟು ಕಾರನ್ನು ಮಾಲೀಕರಿಗೆ ಬಿಡಿಸಿದರು. ಜಾಮೀನಿಗೆ ಸಹಿ ಹಾಕಿದವರು ಡಾಕ್ಟರ ಹೆಂಡತಿ. ರಾಜಿ ಅರ್ಜಿ ಬರೆದವರು ಡಾಕ್ಟರು, ಈ ಸಲ ಕೊನೆಯ ಸಾಲಿನವರೆಗೂ ಓದಿ.

ಭಾನುವಾರ ಹತ್ತಕ್ಕೆ ಟ್ಯಾಂಕು ಖಾಲಿ ಮಾಡಿ ಕಾರನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿದರು. 714. ಜನ ಚಪ್ಪಾಳೆ ತಟ್ಟಿದರು, ಐದರೊಳಗೇ ಇದೆಯೆಂದು ಕಾರ್ಯದರ್ಶಿ ಪೆನ್ನು ಬಿಚ್ಚಿದರು. ಗ್ರಾಂ ಅಕ್ಕ ಮಾತ್ರ ಗಂಟು ಮುಖ ಹಾಕಿಕೊಂಡು ನಿಂತಿದ್ದರು.

"ಎರಡು ಕೆ.ಜಿ. ಎಲ್ಲಿಂದ ಬಂತು?"

ದಫೇದಾರರು ನಾಲಿಗೆ ಕಚ್ಚಿಕೊಂಡು, ಸೀಟಿನ ಕೆಳಗೆ ತಾವೇ ಇಟ್ಟು ಮರೆತಿದ್ದ ಸರಪಳಿ, ಬೀಗ ಹೊರಗೆಳೆದರು. ಮುಳ್ಳು ಹಿಂದೆ ಸರಿದು 712ರಲ್ಲಿ ನಿಂತಿತು. ಅಕ್ಕ ಕನ್ನಡಕ ತೆಗೆದು ಒರೆಸಿದರು. ಕಣ್ಣೂ ಒರೆಸಿಕೊಂಡರು.

"ಇದರಲ್ಲಿ ಎಷ್ಟು ಸಲ ಕೂತಿದ್ರಿ ಅಕ್ಕ?" ಎಂದು ಡಾಕ್ಟರು ಕೇಳಿದರು.

"ಒಂದು ಸಲಾನೂ ಇಲ್ಲ. ಓಡಿಸೋನು ಒಬ್ಬ ಸಾಕು. ಮಿಕ್ಕಿದ್ದೆಲ್ಲ ದಂಡದ ಭಾರ ಅಂತ ನಾನೇ ಕಾನೂನು ಮಾಡಿದ್ದೆ."

ಡಾಕ್ಟರು ಬಾಗಿಲಿನ ಪಟ್ಟಿ ಎಳೆದು ಪಕ್ಕಕ್ಕೆ ನಿಂತರು. ಅಕ್ಕ ಇನ್ಸ್‌ಪೆಕ್ಟರ ಮುಖ ನೋಡಿದರು. ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಅಕ್ಕ ಚಪ್ಪಲಿ ಕಳಚಿ, ಸ್ಟೀರಿಂಗ್ ಹಿಡಿದು ನಿಧಾನವಾಗಿ ಒಳಗಿಳಿದು ಕೂತರು. ಮುಳ್ಳು ಒಂದು ಸಲ ಅಲ್ಲಾಡಿ ನಿಂತಿತು.

"ಏಳುನೂರ ಐವತ್ಮೂರು," ಎಂದರು ಅಕ್ಕ, ಮುಳ್ಳಿನ ಕಡೆ ನೋಡದೆಯೇ. "ಅದನ್ನೂ ಬರ್ಕೊಳ್ಳಿ."