ಗೋಂದು ಹಚ್ಚಿದ ಹಾಯಿಕಂಬ

ತಪ್ಪೆಲ್ಲ ಜೋರಿ ಪೆಂಗೆಲಿಯ ಸ್ವೆಟರಿನದು. ಅದರ ತೋಳು ಅಷ್ಟು ಜೋಲಾಗಿರದಿದ್ದರೆ ಕೆರೆನ್ಸಾಳ ಹಡಗು ಅವತ್ತು ಗೆಲ್ಲುತ್ತಿತ್ತು, ಅವಳು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದಳು, ಈ ಕಥೆ ಹೇಳುವ ಕೆಲಸ ನನಗೂ ಇರುತ್ತಿರಲಿಲ್ಲ.

ಪ್ರತಿ ವರ್ಷ ಈಸ್ಟರ್ ಕಳೆದ ಮೇಲೆ ಫಾಲ್ಮತ್ ಬಂದರಿನ ಹಿಂದಿನ ಬೀದಿಯ ಹಾಲ್‌ನಲ್ಲಿ ನಮ್ಮ ಕ್ಲಬ್ಬಿನ ದೊಡ್ಡ ನೌಕಾಯುದ್ಧ ನಡೆಯುತ್ತದೆ. ನೀಲಿ ಬಣ್ಣ ಬಳಿದ ಮೇಜುಗಳೇ ಸಮುದ್ರ. ಅಂಗೈ ಅಗಲದ ಹಡಗುಗಳು, ದಾಳಗಳು, ಅಳತೆಪಟ್ಟಿ, ಲೆಕ್ಕವಿಲ್ಲದಷ್ಟು ಚಹಾ. ದುಬಾರಿ ಹಡಗು ಕೊಳ್ಳುವ ಜನ ನಾವಲ್ಲ. ಆಟಿಕೆ ಅಂಗಡಿಯಿಂದ ಕಡಲ್ಗಳ್ಳರ ಹಡಗಿನ ಅಗ್ಗದ ಪೆಟ್ಟಿಗೆ ತರುತ್ತೇವೆ. ಅದರ ಹೊಟ್ಟೆಯನ್ನು ನೀರಿನ ಗೆರೆಗೆ ಸರಿಯಾಗಿ ಗರಗಸದಿಂದ ಕೊಯ್ಯುತ್ತೇವೆ, ಹಾಯಿಯ ಮೇಲಿನ ತಲೆಬುರುಡೆಯನ್ನು ಉಜ್ಜಿ ಅಳಿಸುತ್ತೇವೆ, ದಪ್ಪ ಕಂಬಗಳನ್ನು ಕಿತ್ತು ತೆಳ್ಳಗಿನವು ನೆಡುತ್ತೇವೆ. ಕಳ್ಳರ ಹಡಗು ಹೀಗೆ ರಾಜನ ಯುದ್ಧನೌಕೆಯಾಗುತ್ತದೆ.

ಕ್ಲಬ್ಬಿನ ಹಿರಿಯ ಡೆನ್ಜಿಲ್ ಮಾಡಿದ ಒಂದು ನಿಯಮವಿದೆ. ಮೇಜಿನ ಮೇಲೆ ಬಿದ್ದದ್ದು ಯುದ್ಧದಲ್ಲಿ ಬಿದ್ದ ಹಾಗೆ. ಯಾರ ಕೈ ತಾಗಿತು, ಯಾರು ಸೀನಿದರು ಎಂಬ ವಿಚಾರಣೆ ಇಲ್ಲ. ಕಂಬ ಮುರಿದರೆ ಮುರಿಯಿತು, ಆ ಹಡಗು ಸೋತಿತು. ಹಡಗನ್ನು ಗಟ್ಟಿಯಾಗಿ ಕಟ್ಟಲಿ ಎಂದು ಮಾಡಿದ ನಿಯಮ ಅದು.

ಕಳೆದ ವರ್ಷ ಕೆರೆನ್ಸಾಳ ಹಡಗು ಜೋರಿಯ ಪಕ್ಷದ ಹಡಗುಗಳ ಸಾಲನ್ನು ಸೀಳಿಕೊಂಡು ಒಳಗೆ ನುಗ್ಗಿತ್ತು. ಆಗಲೇ ಅವನು ದಾಳಕ್ಕೆಂದು ಕೈ ಚಾಚಿದ. ಸ್ವೆಟರಿನ ತೋಳು ಅವಳ ಹಡಗಿನ ನಡುವಿನ ಕಂಬಕ್ಕೆ ಸಿಕ್ಕಿತು. ಕಂಬ ಟಪ್ಪನೆ ಬಿತ್ತು.

"ಅಯ್ಯೋ, ಸಾರಿ," ಎಂದ ಜೋರಿ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. "ಆದ್ರೂ ಬಿದ್ದದ್ದು ಬಿದ್ದದ್ದೇ ಅಲ್ವಾ, ಡೆನ್ಜಿಲ್?"

"ಬಿದ್ದದ್ದೇ," ಎಂದರು ಡೆನ್ಜಿಲ್.

ಹಿಂದಿನಿಂದ ಯಾರೋ ಕೂಗಿದರು: "ಏನ್ ಕೆರೆನ್ಸಾ, ಊರಿನವರ ತಲೆ ಬೋಳಿಸಿದ್ದು ಸಾಲ್ದು ಅಂತ ಹಡಗನ್ನೂ ಬೋಳಿಸಿಬಿಟ್ಯಾ?"

ಕೆರೆನ್ಸಾಳದು ಕ್ಷೌರದಂಗಡಿ. ಇಡೀ ಹಾಲ್ ನಕ್ಕಿತು. ಜೋರಿಯೂ ನಕ್ಕ. ಉಳಿದವರ ನಗೆಯನ್ನು ಅವಳು ಮರುದಿನವೇ ಮನಸ್ಸಿನಿಂದ ಒರೆಸಿಹಾಕಿದಳು. ಅವನದನ್ನು ಮಾತ್ರ ಎತ್ತಿಟ್ಟುಕೊಂಡಳು. ಅದೇ ಹಾಲ್‌ನಲ್ಲಿ, ಅದೇ ಜನರೆದುರು, ಅವನ ಕಂಬ ಬೀಳಬೇಕು. ಅದಾಗುವವರೆಗೆ ಅವಳ ಹೊಟ್ಟೆ ತಣ್ಣಗಾಗುವಂತಿರಲಿಲ್ಲ.

ಶರತ್ಕಾಲದಲ್ಲಿ ಜೋರಿ ತಾನಾಗಿಯೇ ಅವಳ ಅಂಗಡಿಗೆ ಬಂದ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿ ಓಡಿಸುವ ಆಳು, ಬಾಗಿಲು ತುಂಬ ನಿಂತ.

"ಕಟಿಂಗಾ?" ಕೇಳಿದಳು, ಕತ್ತರಿಯನ್ನು ಅಗತ್ಯಕ್ಕಿಂತ ಜೋರಾಗಿ ಆಡಿಸುತ್ತ.

"ಅಲ್ಲ. ಈ ಸಲ ಮೂರು ಅಂತಸ್ತಿನ ದೊಡ್ಡ ಹಡಗು ಮಾಡ್ತಿದೀನಿ. ಎರಡು ಪೆಟ್ಟಿಗೆ ಹಡಗು ಕೊಯ್ದು ಒಂದು ಮಾಡಿದೀನಿ. ಆದ್ರೆ ಈ ಬೆರಳು ನೋಡು." ಎರಡೂ ಕೈ ಎತ್ತಿ ತೋರಿಸಿದ. "ಹಂದಿ ಸಾಸೇಜ್ ಇದ್ದ ಹಾಗಿವೆ. ಕಂಬ, ಹಗ್ಗ ಇವೆಲ್ಲ ನನ್ನ ಕೈಲಿ ಆಗಲ್ಲ. ನೀನು ಬಂದು ಮಾಡ್ಕೊಡ್ತೀಯಾ?"

"ನಾನೇ ಯಾಕೆ?"

"ಹೋದ ಸಲ ಹಾಲಲ್ಲಿದ್ದ ಹಡಗುಗಳಲ್ಲೆಲ್ಲ ನಿಂದೇ ಚೆನ್ನಾಗಿತ್ತು."

ಬೆಕ್ಕಿನ ಬಾಯಿಗೆ ಇಲಿ ತಾನೇ ನಡೆದು ಬಂದಿತ್ತು. ಕೆರೆನ್ಸಾ ಕಪಾಟಿನ ಕಡೆ ತಿರುಗಿ ಮುಗುಳುನಗೆಯನ್ನು ಅಡಗಿಸಿಕೊಂಡಳು. "ಭಾನುವಾರ ಬರ್ತೀನಿ. ತಿನ್ನೋಕೆ ಏನಾದ್ರೂ ಇಟ್ಟಿರು."

ಕೇಸರಿ ಬನ್ ಇಟ್ಟಿದ್ದ, ದಪ್ಪಗೆ ಬೆಣ್ಣೆ ಸವರಿ. ಅವಳು ಎರಡು ತಿಂದಳು. ಅವನು ಚಹಾಕ್ಕೆ ನೀರಿಡಲು ಎದ್ದು ಬೆನ್ನು ತಿರುಗಿಸಿದಾಗ ಕೆಲಸ ಮುಗಿಸಿದಳು. ಪ್ಲಾಸ್ಟಿಕ್ಕಿಗೆ ಹಚ್ಚುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಅದು ಮೇಜಿನ ಮೇಲೆಯೇ ಇತ್ತು. ಅದನ್ನು ಬಿಟ್ಟು, ಮಕ್ಕಳು ಕಾಗದ ಅಂಟಿಸುವ ಬಿಳಿ ಗೋಂದನ್ನು ಚೀಲದಿಂದ ತೆಗೆದು ನಡುವಿನ ಕಂಬದ ಬುಡಕ್ಕೆ ಒಂದು ತೊಟ್ಟು ಹಚ್ಚಿ ನೆಟ್ಟಳು. ನೋಡಲು ಏನೂ ವ್ಯತ್ಯಾಸವಿಲ್ಲ. ಹಗ್ಗ ಕಟ್ಟಿದರೆ ಯುದ್ಧದ ದಿನದವರೆಗೆ ನಿಂತಿರುತ್ತದೆ. ಯುದ್ಧದಲ್ಲಿ ನಾಲ್ಕು ಸಲ ಎತ್ತಿ ಇಳಿಸಿದರೆ ಕಥೆ ಮುಗಿಯಿತು.

"ಕಂಬ ನಿಂತ್ವಾ?" ಎಂದ ಜೋರಿ, ಚಹಾ ಹಿಡಿದುಕೊಂಡು.

"ನಿಂತ್ವು," ಎಂದಳು. "ಬನ್ ಇನ್ನೊಂದಿದ್ಯಾ?"

ತೊಂದರೆ ಶುರುವಾಗಿದ್ದು ಹಗ್ಗದಿಂದ. ಪೆಟ್ಟಿಗೆಯಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದ ಕ್ಷಣಕ್ಕೆ ಎರಡೂ ತುದಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಅದೇ ಹಡಗಿನ ಹಗ್ಗ. ಒಬ್ಬರೇ ಎಳೆದರೆ ಗೇಣುದ್ದ. ಇಬ್ಬರು ಒಂದೊಂದು ತುದಿ ಹಿಡಿದು ಹಿಂದೆ ಸರಿದರೆ ಅಡಿಗೆಮನೆಯುದ್ದ. ಅವಸರ ಮಾಡಿದರೆ ತುಂಡಾಗುತ್ತದೆ, ತಡೆದರೆ ಜೋತುಬೀಳುತ್ತದೆ. ಒಬ್ಬರ ಕಣ್ಣನ್ನೊಬ್ಬರು ನೋಡುತ್ತಲೇ ಎಳೆಯಬೇಕು.

"ನಿಧಾನ ಮಾರಾಯ, ನೀನೇನು ಹಡಗು ಎಳೀತಿದೀಯಾ?"

"ನನ್ನ ಅಭ್ಯಾಸ ಅದು. ನೀನು ಹಿಂದೆ ಹೋಗು."

"ಹಿಂದೆ ಫ್ರಿಜ್ ಇದೆ."

"ಹಾಗಾದ್ರೆ ಅಲ್ಲೇ ನಿಲ್ಲು. ಅಲ್ಲಿಂದ ಚೆನ್ನಾಗಿ ಕಾಣ್ತೀಯ."

ಎಳೆ ತುಂಡಾಯಿತು. ಅವಳೇ ಅವಸರ ಮಾಡಿ ಎಳೆದಿದ್ದಳು. "ನಿನ್ನಿಂದಲೇ," ಎಂದು ಬೈದಳು. ಅವನು ಬಾಗಿ ಅವಳ ತೋಳಿಗಂಟಿದ ತುಂಡನ್ನು ಆ ಸಾಸೇಜ್ ಬೆರಳುಗಳಿಂದ ಬಲು ಮೆತ್ತಗೆ ಬಿಡಿಸಿದ. ಅವನ ಮೈಯಿಂದ ಡೀಸೆಲ್ಲಿನ ವಾಸನೆ, ಸೋಪಿನ ವಾಸನೆ. ಕೆರೆನ್ಸಾ ಉಸಿರು ಬಿಗಿಹಿಡಿದಳು. ದ್ವೇಷಿಸುವವನ ವಾಸನೆ ಇಷ್ಟು ಹಿಡಿಸಬಾರದು ಎನಿಸಿ ತನ್ನ ಮೇಲೆಯೇ ಸಿಟ್ಟು ಬಂತು.

ಪ್ರೀತಿ ಬಂತೆಂದು ಸಿಟ್ಟೇನೂ ಜಾಗ ಬಿಡಲಿಲ್ಲ. ಎರಡೂ ಒಂದೇ ಮನೆಯಲ್ಲಿ ಮಾತು ಬಿಟ್ಟ ಓರಗಿತ್ತಿಯರಂತೆ ಇದ್ದುಕೊಂಡವು. ಒಂದು ಭಾನುವಾರ ಅವನು ಹೊರಗೆ ಹೋಗಿದ್ದಾಗ ಅವಳು ಬ್ಲೇಡು ಕೈಗೆತ್ತಿಕೊಂಡಳು. ಕಂಬ ಸರಿಮಾಡಬೇಕೆಂದರೆ ಇಬ್ಬರೂ ಸೇರಿ ಎಳೆದ ಎಳೆಗಳನ್ನೆಲ್ಲ ಕತ್ತರಿಸಬೇಕು. ಒಂದೊಂದು ಎಳೆಯೂ ಯಾವ ನಗುವಿನ ಹೊತ್ತಿನದು ಎಂದು ಅವಳಿಗೆ ಗೊತ್ತಿತ್ತು. ಕತ್ತರಿಸಲಾಗಲಿಲ್ಲ. ಅಷ್ಟರಲ್ಲಿ ಹಾಲ್‌ನಲ್ಲಿ ನಕ್ಕ ಅವನ ಮುಖ ಕಣ್ಣೆದುರು ಬಂತು. ಬ್ಲೇಡು ಕೆಳಗಿಟ್ಟಳು. ಬೀಳಲಿ, ಎಂದುಕೊಂಡಳು.

ಯುದ್ಧದ ದಿನ ಚೀಟಿ ಎತ್ತಿದಾಗ ಇಬ್ಬರೂ ಎದುರುಬದುರು ಪಕ್ಷಕ್ಕೆ ಬಿದ್ದರು. ಜೋರಿಯ ಹಡಗನ್ನು ನೋಡಲು ಜನ ಮುತ್ತಿಕೊಂಡರು. "ಹಗ್ಗ ಎಲ್ಲಾ ಕೆರೆನ್ಸಾದು," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಚಹಾದ ಕಪ್ಪನ್ನು ಕುಡಿಯದೆ ಕೆಳಗಿಟ್ಟಳು.

ಹಡಗು ಒಂದು ಸಲ ಸರಿಯಿತು, ಇನ್ನೊಂದು ಸಲ ಸರಿಯಿತು. ಕಂಬ ನಿಂತೇ ಇತ್ತು. ಅವನು ಅವಳ ಸಾಲಿನೆದುರು ಅಡ್ಡ ಬಂದು, ಹಡಗನ್ನು ತಿರುಗಿಸಿ, ಮೆಲ್ಲನೆ ಇಳಿಸಿದ. ನಡುವಿನ ಕಂಬ ವಾಲಿತು. ಹಗ್ಗಗಳೆಲ್ಲ ಒಂದಾದ ಮೇಲೊಂದು ಕಿತ್ತುಬಂದವು, ಉಳಿದೆರಡು ಕಂಬಗಳನ್ನೂ ಎಳೆದುಕೊಂಡು.

ಹಾಲ್ ಘೊಳ್ಳೆಂದು ನಕ್ಕಿತು. "ಬಿದ್ದದ್ದು ಬಿದ್ದದ್ದೇ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಒಂದು ವರ್ಷ ಅವಳು ಕಾದಿದ್ದ ಸದ್ದು ಅದು.

ಜೋರಿ ಕಂಬವನ್ನು ಎತ್ತಿ ಬುಡ ನೋಡಿದ. ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು. ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಆ ಪುಡಿಯನ್ನು ಸ್ವೆಟರಿಗೆ ಒರೆಸಿಕೊಂಡು ಡೆನ್ಜಿಲ್ ಕಡೆ ತಿರುಗಿದ.

"ನಾನು ಅಂಟು ಹಾಕಿದ್ದು ಸರಿ ಹಿಡಿದಿಲ್ಲ. ನನ್ನದೇ ತಪ್ಪು. ಶರಣಾದೆ."

ಕೆರೆನ್ಸಾಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡನಲ್ಲ! ಅವನು ಬಿದ್ದರೆ ಸಾಕೇ? ಬೀಳಿಸಿದ್ದು ತಾನು ಎಂದು ಊರಿಗೆ ಗೊತ್ತಾಗಬೇಡವೇ?

"ಸುಳ್ಳು!" ಎಂದು ಮೇಜು ಗುದ್ದಿದಳು. ಅವಳ ಹಡಗೂ ಅಲುಗಿತು. "ಅವನ ಅಂಟಲ್ಲ, ನಂದು! ಮಕ್ಕಳ ಗೋಂದು ಹಾಕಿ ನಿಲ್ಲಿಸಿದ್ದೆ. ಹೋದ ವರ್ಷ ನಕ್ಕಿದ್ನಲ್ಲ, ಅದಕ್ಕೆ!"

ಡೆನ್ಜಿಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗೋಂದಿನ ಬಗ್ಗೆ ನಿಯಮ ಏನೂ ಇಲ್ಲಮ್ಮ. ಬಿದ್ದದ್ದು ಬಿದ್ದದ್ದೇ. ನೀನು ಗೆದ್ದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜೋರಿ ಕೋಟು ಎತ್ತಿಕೊಂಡು ಹೊರಗೆ ಹೋದ. ಅವಳು ಹಿಂದೆಯೇ ಓಡಿದಳು.

ಬಂದರಿನ ಕಟ್ಟೆಯ ಹತ್ತಿರ, ಅವನ ಟಗ್ ಕಟ್ಟಿದ್ದಲ್ಲಿ ಸಿಕ್ಕ. ಮುಖ ಕೆಂಪಾಗಿತ್ತು.

"ಇಡೀ ಚಳಿಗಾಲ ನನ್ನ ಅಡಿಗೆಮನೇಲಿ ಕೂತು, ನನ್ನ ಬನ್ ತಿಂದು, ನನ್ನ ಕಣ್ಣು ನೋಡ್ತಾ ನೋಡ್ತಾ..."

"ಗೋಂದು ಹಾಕಿದ್ದು ಮೊದಲ ದಿನ. ಕಣ್ಣು ನೋಡಿದ್ದು ಆಮೇಲೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಸಿಟ್ಟು ಇಳಿದಿರ್ಲಿಲ್ಲ. ನೀನು ಇಷ್ಟ ಅಂತೂ ಆಗ್ಬಿಟ್ಟಿದ್ದೆ. ಆದ್ರೂ ಸಿಟ್ಟು ಇಳೀಲಿಲ್ಲ, ಏನ್ ಮಾಡ್ಲಿ?" ಅವಳು ಇನ್ನೂ ಹತ್ತಿರ ಬಂದಳು. "ನೀನು ಯಾಕೆ ಮುಚ್ಚಿಟ್ಟೆ? ಒಳ್ಳೆಯವನ ಹಾಗೆ ನಿಂತ್ಕೊಂಡು ನನ್ನ ಗೆಲುವು ಹಾಳು ಮಾಡಿದೆ."

ಅವನು ನೀರಿನ ಕಡೆ ನೋಡಿದ. "ಹೋದ ವರ್ಷ ತೋಳು ತಾಗಿದ್ದು ಬೇಕಂತ ಅಲ್ಲ ಕಣೇ. ಆಮೇಲೆ ಬಾಯಿ ಬಿಟ್ಟಿದ್ದು ಬೇಕಂತಲೇ. ಆರು ತಿಂಗಳಿಂದ ಕ್ಲಬ್ಬಿಗೆ ಬರ್ತಿದ್ದೆ, ನೀನು ಒಂದ್ಸಲಾನೂ ನನ್ನ ಕಡೆ ನೋಡಿರ್ಲಿಲ್ಲ. ಅವತ್ತು ನೋಡಿದೆ. ಕೊಂದು ತಿನ್ನೋ ಹಾಗೆ ನೋಡಿದೆ. ಅಷ್ಟಾದ್ರೂ ಸಿಕ್ತಲ್ಲ ಅಂದ್ಕೊಂಡೆ. ಆ ತಪ್ಪು ನಂದೇ, ಅದಕ್ಕೇ ಇವತ್ತು ಮುಚ್ಚಿಟ್ಟೆ."

ಕೆರೆನ್ಸಾ ಅವನ ಸ್ವೆಟರಿನ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಆದರೆ ಮುಖವೂ ಸಡಿಲಾಗಲಿಲ್ಲ.

"ನಾನೂ ಸೇಡು ತೀರಿಸ್ಕೋತೀನಿ. ಸುಮ್ನೆ ಬಿಡ್ತೀನಿ ಅಂದ್ಕೋಬೇಡ," ಎಂದ.

"ತೀರಿಸ್ಕೋ. ಯಾವಾಗ?"

"ಹೇಳಲ್ಲ. ನೀನು ಇದನ್ನೆಲ್ಲ ಪೂರ್ತಿ ಮರೆತ ಮೇಲೆ."

"ಅಲ್ಲೀವರೆಗೂ?"

"ಅಲ್ಲೀವರೆಗೂ ನನ್ನ ಕಣ್ಣೆದುರಿಗೇ ಇರ್ಬೇಕು. ಎಲ್ಲೂ ಹೋಗೋ ಹಾಗಿಲ್ಲ."

ಅವಳು ಅವನ ಎದೆಗೆ ಹಣೆಯಿಟ್ಟಳು. ಅವನ ತೋಳು ಅವಳ ಬೆನ್ನಿನ ಸುತ್ತ ಬಂದದ್ದು ಇನ್ನೂ ಸಿಟ್ಟಿನಲ್ಲೇ, ಸ್ವಲ್ಪ ಬಿಗಿಯಾಗಿಯೇ.

"ಆಯ್ತು," ಎಂದಳು ಕೆರೆನ್ಸಾ. "ಆದ್ರೆ ಒಂದು ಹೇಳ್ತೀನಿ ಕೇಳು. ನಾನು ಸುಲಭಕ್ಕೆ ಮರೆಯೋಳಲ್ಲ."